ಶಾಲೆಗೆ ಮೊದಲು ಊರು



ಈ ಮಾತುಗಳಿಗೆ ಪರದೆಯ ಮೇಲೆ ಸಿಕ್ಕಿರುವ ಅವಕಾಶ ಹದಿನೈದು ನಿಮಿಷ. ಅಷ್ಟರಲ್ಲಿ ಹೇಳಲಾಗದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಅಚ್ಚಿಗೆ ಕೊಟ್ಟಿದ್ದೇನೆ. ಹಾಗಾಗಿ ಕಾರ್ಯಕ್ರಮವನ್ನು ನೋಡಿದವರಿಗೂ ಓದುವಾಗ ಒಂದಿಷ್ಟು ಹೊಸದು ಸಿಕ್ಕೀತು. ವಿಷಯ ಇಷ್ಟು: ಒಂದು ಕಲಾಶಾಲೆಗೂ ಅದು ನಿಂತಿರುವ ಊರಿಗೂ ಇರುವ ಸಂಬಂಧ ಎಂಥದು? ಊರಿನಲ್ಲಿ ಶಾಲೆ ಇದೆ ಎಂದ ಮಾತ್ರಕ್ಕೆ ಊರು ಅದನ್ನು ತನ್ನದು ಎನ್ನುತ್ತದೆಯೆ? ಇದಕ್ಕೆ ಉದಾಹರಣೆಯಾಗಿ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವನ್ನು ಆರಿಸಿಕೊಂಡಿದ್ದೇನೆ. ಆದರೆ ಮಾತನ್ನು ಆರಂಭಿಸುವುದು ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ಉತ್ತರಕ್ಕಿರುವ ನನ್ನ ಊರು ಮಂಚಿಕೇರಿಯಿಂದ. ಹೆಗ್ಗೋಡಿನ ಶಾಲೆಯನ್ನು ನಾನು ಮೊದಲು ಕಂಡದ್ದು ಅದರ ಅಂಗಳದಲ್ಲಿ ನಿಂತಲ್ಲ, ನನ್ನೂರಿನ ಚಾಪೆಯ ಮೇಲೆ ಕುಳಿತು.

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯಲ್ಲಿ ಬೇಡ್ತಿ ನದಿ ಸಿಗುವ ಮೊದಲು ಬರುವ ಊರು ಮಂಚಿಕೇರಿ. ಬಸ್ಸು ನಿಲ್ಲುವಲ್ಲಿ ನಾಲ್ಕಾರು ಅಂಗಡಿ, ಚಹದ ಹೋಟೆಲು. ಒಳಗೆ ಹೋದರೆ ಕಣಿವೆಗೊಂದರಂತೆ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಮನೆಯಿಂದ ಮನೆಗೆ ಕೂಗಿದರೆ ಕೇಳದಷ್ಟು ದೂರ. ಇಂಥ ಊರಿನಲ್ಲಿ ಜನ ಒಟ್ಟಾಗಿ ಒಂದು ಕಡೆ ಸೇರಬೇಕೆಂದರೆ ಮದುವೆ ಇರಬೇಕು, ತೇರು ಇರಬೇಕು, ಇಲ್ಲವೆ ರಾತ್ರಿಯ ಆಟ ಇರಬೇಕು. ಯಕ್ಷಗಾನ, ತಾಳಮದ್ದಲೆ, ಸಾಮಾಜಿಕ ನಾಟಕ ಎಲ್ಲಕ್ಕೂ ಜನ ಸೂಡಿ ಹಿಡಿದು, ಆಮೇಲಾಮೇಲೆ ಬ್ಯಾಟರಿ ಹಿಡಿದು ಗುಡ್ಡ ಇಳಿದು ಬರುತ್ತಿದ್ದರು.

ನಾನು ಹುಟ್ಟಿದ್ದು 1979ರಲ್ಲಿ. ನನಗೆ ಬುದ್ಧಿ ಬರುವ ಹೊತ್ತಿಗೆ ಊರಿಗೆ ಟೀವಿ ಬಂದಿತ್ತು. 1987ರಲ್ಲಿ ರಾಮಾಯಣ ಧಾರಾವಾಹಿ ಶುರುವಾದಾಗ ಊರಿನಲ್ಲಿ ಟೀವಿ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಕಣಿವೆಯ ತಳದಲ್ಲಿರುವ ಮನೆಗಳಿಗೆ ಸಂಕೇತ ಸುಲಭವಾಗಿ ಬರುವುದಿಲ್ಲ. ಆದ್ದರಿಂದ ಉದ್ದನೆಯ ಬಿದಿರಿನ ತುದಿಗೆ ಆಂಟೆನಾ ಕಟ್ಟಿ, ಒಬ್ಬ ಹುಡುಗ ಅಂಗಳದಲ್ಲಿ ನಿಂತು ಅದನ್ನು ತಿರುಗಿಸುವುದು, ಇನ್ನೊಬ್ಬ ಜಗುಲಿಯಿಂದ 'ಬಂತು, ಬಂತು, ಹೋತು' ಎಂದು ಕೂಗುವುದು. ತಿರುಗಿಸುವ ಹುಡುಗ ನಾನು. ರಾಮನನ್ನು ನೋಡಿದ್ದಕ್ಕಿಂತ ಬಿದಿರನ್ನು ನೋಡಿದ್ದೇ ಹೆಚ್ಚು. ಮುಂದೆ ಶಿರಸಿಯಲ್ಲಿ ಬಿ.ಎಸ್ಸಿ.ಗೆ ಭೌತಶಾಸ್ತ್ರ ಓದುವಾಗ, ಮೂಲದಿಂದ ದೂರ ಎರಡು ಪಟ್ಟಾದರೆ ತರಂಗದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ನಿಯಮವನ್ನು ಅಧ್ಯಾಪಕರು ಹಲಗೆಯ ಮೇಲೆ ಬರೆದಾಗ ನನಗೆ ತಟ್ಟನೆ ನೆನಪಾದದ್ದು ಆ ಬಿದಿರು.

ಟೀವಿ ಬಂದ ಮೇಲೆ ಏನಾಯಿತು ಎಂಬುದನ್ನು ನಾನು ಮುಚ್ಚಿಡಬಾರದು. ಅದರಿಂದಲೇ ನನ್ನ ಮನೆಯ ಒಲೆ ಉರಿಯುತ್ತಿದೆ. ನನ್ನ ಸೋದರಮಾವ ಪ್ರತಿವರ್ಷ ಊರಿನ ನಾಟಕದಲ್ಲಿ ಪಾತ್ರ ಮಾಡುತ್ತಿದ್ದವರು. ವಾರಾಂತ್ಯದ ಸಿನಿಮಾ ಮನೆಯೊಳಗೇ ಬರತೊಡಗಿದ ಮೇಲೆ ತಾಲೀಮಿಗೆ ಜನ ಸೇರುವುದು ಕಷ್ಟವಾಯಿತು ಎಂದು ಅವರು ಹೇಳುವುದುಂಟು. ನಾನು ಈ ಕೆಲಸಕ್ಕೆ ಸೇರಿದ ದಿನ ಅವರು ಅಭಿನಂದಿಸಿದರು. ಜೊತೆಗೆ, 'ನಮ್ಮ ತಾಲೀಮು ನಿಲ್ಲಿಸಿದ್ದು ಯಾರು ಅಂತ ಈಗ ಗೊತ್ತಾಯ್ತು ನೋಡು' ಎಂದು ನಕ್ಕರು. ಆ ನಗು ಪೂರ್ತಿ ನಗುವಾಗಿರಲಿಲ್ಲ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹವ್ಯಾಸಿ ನಾಟಕ ನಿಂತುಹೋದ ಕಾಲ ಅದು.

ಆದರೆ ಮಂಚಿಕೇರಿಯಲ್ಲಿ ನಾಟಕ ನಿಲ್ಲಲಿಲ್ಲ. ಕೆಲವು ವರ್ಷ ಸೊರಗಿತು, ಮತ್ತೆ ಎದ್ದಿತು. ಇವತ್ತಿಗೂ ಉತ್ತರ ಕನ್ನಡದಲ್ಲಿ ನಾಟಕದ ಊರು ಯಾವುದು ಎಂದು ಕೇಳಿದರೆ ಬಲ್ಲವರು ಮಂಚಿಕೇರಿಯ ಹೆಸರನ್ನೂ ಹೇಳುತ್ತಾರೆ. ಇದು ಯಾಕೆ ಹೀಗಾಯಿತು ಎಂಬ ಪ್ರಶ್ನೆ ನನಗೆ ಬಹಳ ದಿನ ಇರಲಿಲ್ಲ. ಪ್ರಶ್ನೆ ಹುಟ್ಟಿದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಊರಿನ ನಾಟಕವೊಂದನ್ನು ಚಿತ್ರೀಕರಿಸಲು ಕ್ಯಾಮೆರಾ ಸಮೇತ ಹೋಗಿದ್ದೆ. ರಂಗದ ಬೆಳಕು ನಮ್ಮ ಕ್ಯಾಮೆರಾಕ್ಕೆ ಸಾಲದು ಎಂದು ಎರಡು ದೊಡ್ಡ ದೀಪಗಳನ್ನು ಪಕ್ಕದಲ್ಲಿ ನಿಲ್ಲಿಸಿದೆವು. ನಾಟಕ ಅರ್ಧ ಆಗಿರುವಾಗ ಒಂದು ದೃಶ್ಯದಲ್ಲಿ ಧ್ವನಿಗ್ರಹಣ ಕೆಟ್ಟಿತು. ನಾನು ಹಿಂದುಮುಂದು ನೋಡದೆ ವೇದಿಕೆಯ ಬುಡಕ್ಕೆ ಹೋಗಿ, ಆ ದೃಶ್ಯವನ್ನು ಇನ್ನೊಮ್ಮೆ ಮಾಡಿ ಎಂದೆ. ನಟರು ಗಲಿಬಿಲಿಗೊಂಡು ನಿಂತರು. ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ವೃದ್ಧರು ಕುಳಿತಲ್ಲಿಂದಲೇ, 'ತಮಾ, ಈಗ ಯಂಗ ನೋಡ್ತಾ ಇದ್ಯ' ಎಂದರು. ನಮ್ಮ ಕಡೆಯ ಹವ್ಯಕರ ಮಾತು ಅದು: 'ತಮ್ಮಾ, ಈಗ ನಾವು ನೋಡುತ್ತಿದ್ದೇವೆ.' ಅಷ್ಟೇ. ಸಿಟ್ಟೂ ಇಲ್ಲ, ಏರು ದನಿಯೂ ಇಲ್ಲ. ಹಿಂದಿನಿಂದ ಇನ್ಯಾರೋ ಆ ದೊಡ್ಡ ದೀಪ ಆರಿಸಿದರೆ ಒಳ್ಳೆಯದಿತ್ತು ಎಂದರು. ನಾನು ಬಂದು ಕುಳಿತೆ, ದೀಪ ಆರಿಸಿದೆವು. ನಾಟಕ ನಿಂತಲ್ಲಿಂದ ಮುಂದುವರಿಯಿತು. ನಮ್ಮ ಚಿತ್ರೀಕರಣ ಪ್ರಸಾರಕ್ಕೆ ಯೋಗ್ಯವಾಗಲಿಲ್ಲ.

ನೋಡುವುದೂ ಒಂದು ಕೆಲಸ, ಅದನ್ನು ಅರ್ಧಕ್ಕೆ ತಡೆಯಬಾರದು ಎಂದು ಈ ವೃದ್ಧರಿಗೆ ಕಲಿಸಿದವರು ಯಾರು? ಊರಿಗೆ ಹೋದಾಗಲೆಲ್ಲ ಹಿರಿಯರನ್ನು ಕೇಳುತ್ತ ಹೋದೆ. ಕಂಪನಿ ನಾಟಕಗಳ ನೆನಪು ಹೇಳಿದರು, ಯಕ್ಷಗಾನದ ಮೇಳಗಳ ನೆನಪು ಹೇಳಿದರು. ಆದರೆ ಮತ್ತೆ ಮತ್ತೆ ಬಂದ ಹೆಸರು ನೀನಾಸಂ. ವರ್ಷಕ್ಕೊಮ್ಮೆ ಮಳೆ ಕಳೆದ ಮೇಲೆ ಸಾಮಾನು ಹೇರಿಕೊಂಡು ಬರುವ ತಿರುಗಾಟದ ತಂಡ. ಅಲ್ಲಿ ಕಲಿತು ಬಂದು ನಮ್ಮ ಹುಡುಗರಿಗೆ ನಾಟಕ ಮಾಡಿಸಿದವರು. ಅಲ್ಲಿಗೆ ಶಿಬಿರಕ್ಕೆಂದು ಹೋಗಿಬಂದ ಮೇಷ್ಟರು. ಹೀಗೆ ದಾರಿ ಹಿಡಿದು ನಾನು ಹೆಗ್ಗೋಡಿಗೆ ಹೋದೆ.

ಹೆಗ್ಗೋಡು ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಳ್ಳಿ. ನಮ್ಮ ಸಿದ್ದಾಪುರದ ಗಡಿ ದಾಟಿದರೆ ಸಿಗುವ ಸೀಮೆ. ಅದೇ ಅಡಿಕೆ, ಅದೇ ಮಳೆ, ಹೆಚ್ಚುಕಡಿಮೆ ಅದೇ ಮಾತು. ಅಲ್ಲಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಹುಟ್ಟಿದ್ದು 1949ರಲ್ಲಿ. ಊರಿನ ದೇವರ ಹೆಸರಿಟ್ಟುಕೊಂಡು ಊರಿನವರೇ ಕಟ್ಟಿದ ಹವ್ಯಾಸಿ ನಾಟಕ ಸಂಘ. ಆಗ ಕರ್ನಾಟಕದಲ್ಲಿ ಇಂಥ ಸಂಘಗಳು ಎಷ್ಟೋ ಇದ್ದವು. ಕೆ.ವಿ. ಸುಬ್ಬಣ್ಣ ಆಗ 17 ವರ್ಷದ ಹುಡುಗ. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕುವೆಂಪು ಅವರ ಶಿಷ್ಯರಾಗಿ ಓದಿ ಊರಿಗೆ ಮರಳಿದರು, ತೋಟ ನೋಡಿಕೊಂಡರು, ಅಕ್ಷರ ಪ್ರಕಾಶನವನ್ನು ಆರಂಭಿಸಿದರು, ಜೊತೆಗೆ ಸಂಘವನ್ನೂ ನಡೆಸಿದರು.

ಇನ್ನು ಮುಂದಿನ ತಾರೀಖುಗಳನ್ನು ಕೊಂಚ ನಿಧಾನವಾಗಿ ನೋಡಬೇಕೆಂದು ಓದುಗರಲ್ಲಿ ನನ್ನ ಕೋರಿಕೆ. ಸಂಘ ಹುಟ್ಟಿದ್ದು 1949. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿದ್ದು 1972. ಅಂದರೆ ಇಪ್ಪತ್ತಮೂರು ವರ್ಷ ಆ ಊರಿನವರು ಸರಿಯಾದ ಮಂದಿರವಿಲ್ಲದೆಯೇ ನಾಟಕ ಮಾಡಿದರು, ನೋಡಿದರು. 1973ರಲ್ಲಿ ಚಿತ್ರಸಮಾಜ ಬಂತು. ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಇಂಥವರ ಚಿತ್ರಗಳನ್ನು ಅಡಿಕೆ ಬೆಳೆಗಾರರೂ ಕೂಲಿಗೆ ಹೋಗುವವರೂ ಪರದೆಯ ಮೇಲೆ ನೋಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಹೆಗ್ಗೋಡಿಗೆ ಬಂದು ಚಿತ್ರ ರಸಗ್ರಹಣದ ಪಾಠ ಹೇಳಿದರು. ರಂಗಶಿಕ್ಷಣ ಕೇಂದ್ರ, ಅಂದರೆ ನಾವು ಇಂದು 'ಶಾಲೆ' ಎನ್ನುವುದು, ಆರಂಭವಾದದ್ದು 1980ರಲ್ಲಿ. ಅಷ್ಟು ಹೊತ್ತಿಗೆ ಸಂಘಕ್ಕೆ ಮೂವತ್ತೊಂದು ವರ್ಷ. ಮೊದಲ ನಾಟಕವನ್ನು ತಾಯಿಯ ಮಡಿಲಲ್ಲಿ ಕುಳಿತು ನೋಡಿದ ಮಗು ಆಗ ತನ್ನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಿತ್ತು.

ಹೆಗ್ಗೋಡಿನ ಬಗ್ಗೆ ಬರೆದವರು ಸಾಮಾನ್ಯವಾಗಿ ಹಳ್ಳಿಯೊಂದರಲ್ಲಿ ಇಂಥ ಶಾಲೆ ಹೇಗೆ ಬಂತು ಎಂದು ಆಶ್ಚರ್ಯಪಡುತ್ತಾರೆ. ನನಗನಿಸುವಂತೆ ಆಶ್ಚರ್ಯಪಡಬೇಕಾದ್ದು ಅದಕ್ಕಲ್ಲ, ಈ ಕ್ರಮಕ್ಕೆ. ಪ್ರೇಕ್ಷಕರು ಮೊದಲು, ಮಂದಿರ ಆಮೇಲೆ, ಸಿನಿಮಾ ಅದರ ಹಿಂದೆ, ಶಾಲೆ ಕೊನೆಗೆ. ನಮ್ಮಲ್ಲಿ ಸಾಧಾರಣವಾಗಿ ನಡೆಯುವುದು ಇದರ ತಲೆಕೆಳಗು. ಮೊದಲು ಮಂಜೂರಾತಿ, ಆಮೇಲೆ ಕಟ್ಟಡ, ಆಮೇಲೆ ಅಧ್ಯಾಪಕರು, ಆಮೇಲೆ ವಿದ್ಯಾರ್ಥಿಗಳು. ನೋಡುವವರು ಯಾರು ಎಂಬ ಪ್ರಶ್ನೆ ಉದ್ಘಾಟನೆಯ ಹಿಂದಿನ ದಿನ ಏಳುತ್ತದೆ, ಆಗ ಹತ್ತಿರದ ಹೈಸ್ಕೂಲಿನ ಮಕ್ಕಳನ್ನು ಸಾಲಾಗಿ ಕರೆತಂದು ಕೂರಿಸುತ್ತಾರೆ. ಇಂಥ ಉದ್ಘಾಟನೆಗಳನ್ನು ನಾನೇ ಎಷ್ಟೋ ಸಲ ಚಿತ್ರೀಕರಿಸಿದ್ದೇನೆ, ಖಾಲಿ ಕುರ್ಚಿ ಕಾಣದ ಹಾಗೆ ಕ್ಯಾಮೆರಾ ಇಡುವ ಕಲೆಯೂ ನಮಗೆ ಕರಗತ.

ಒಂದೇ ಉದಾಹರಣೆಯಿಂದ ನಿಯಮ ಹೇಳಬಾರದು ಎಂದು ವಿಜ್ಞಾನದ ವಿದ್ಯಾರ್ಥಿಗೆ ಮೊದಲ ವರ್ಷವೇ ಕಲಿಸುತ್ತಾರೆ. ಆದ್ದರಿಂದ ನಮ್ಮ ಜಿಲ್ಲೆಯ ಇನ್ನೊಂದನ್ನು ನೋಡೋಣ. ಹೊನ್ನಾವರದ ಬಳಿಯ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ಆರಂಭಿಸಿದ್ದು 1986ರಲ್ಲಿ. ಅವರ ತಂದೆ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಮೇಳವನ್ನು ಕಟ್ಟಿದ್ದು 1934ರಲ್ಲಿ. ಮೇಳಕ್ಕೂ ಶಾಲೆಗೂ ನಡುವೆ ಐವತ್ತೆರಡು ವರ್ಷ. ಅಲ್ಲೂ ಗದ್ದೆಯಲ್ಲಿ ರಾತ್ರಿಯಿಡೀ ಕುಳಿತು ನೋಡಿದ ಜನ ಮೊದಲು, ಪಾಠಪಟ್ಟಿ ಆಮೇಲೆ. ಮೈಸೂರಿನ ಕತೆ ಬೇರೆಯಂತೆ ಕಾಣುತ್ತದೆ. ಅಲ್ಲಿ ಚಾಮರಾಜೇಂದ್ರರ ಹೆಸರಿನ ತಾಂತ್ರಿಕ ಶಾಲೆಯನ್ನು ಕಟ್ಟಿದ್ದು ಅರಮನೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಆದರೆ ಅದಕ್ಕೂ ಮೊದಲೇ ಆ ನಗರದ ಕೇರಿಗಳಲ್ಲಿ ಚಿತ್ರಗಾರರಿದ್ದರು, ಗಂಧದ ಕೆತ್ತನೆಯವರಿದ್ದರು, ಅವರ ಕೆಲಸವನ್ನು ದೇವರ ಮನೆಯಲ್ಲಿಟ್ಟು ಪೂಜಿಸುವ ಮನೆಗಳಿದ್ದವು. ಕಟ್ಟಡ ಅರಮನೆಯದಾದರೂ ಕಣ್ಣು ಊರಿನದು.

ತಿರುಗುಮುರುಗಾದರೆ ಏನಾಗುತ್ತದೆ ಎಂಬುದಕ್ಕೆ ಜಗತ್ಪ್ರಸಿದ್ಧವಾದ ಒಂದು ಪ್ರಸಂಗವಿದೆ. ಜರ್ಮನಿಯ ಬೌಹೌಸ್ ಕಲಾಶಾಲೆಯ ಹೆಸರನ್ನು ಹಲವರು ಕೇಳಿರಬಹುದು. ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ 1919ರಲ್ಲಿ ವೈಮರ್ ನಗರದಲ್ಲಿ ಅದನ್ನು ಆರಂಭಿಸಿದರು. ಪಾಲ್ ಕ್ಲೇ, ಕಾಂಡಿನ್ಸ್ಕಿಯಂಥವರು ಅಲ್ಲಿ ಪಾಠ ಹೇಳಿದರು. ನಾವಿಂದು ಕೂರುವ ಉಕ್ಕಿನ ಕೊಳವೆಯ ಕುರ್ಚಿಯ ಮೂಲ ಆ ಶಾಲೆಯಲ್ಲಿದೆ. ಅಲ್ಲಿಯ ಕಲಾವಿದರ ಕೃತಿಗಳು 1922ರಷ್ಟು ಹಿಂದೆಯೇ ಕಲ್ಕತ್ತೆಯಲ್ಲಿ ಪ್ರದರ್ಶನಗೊಂಡಿದ್ದವು. ಇಷ್ಟಾದರೂ ಸ್ವಂತ ಊರಾದ ವೈಮರಿನ ಬಹಳ ಮಂದಿಗೆ ಆ ಶಾಲೆಯನ್ನು ಕಂಡರಾಗುತ್ತಿರಲಿಲ್ಲ. 1924ರ ಚುನಾವಣೆಯ ನಂತರ ಪ್ರಾಂತ ಸರಕಾರ ಅನುದಾನ ಕತ್ತರಿಸಿತು. 1925ರಲ್ಲಿ ಶಾಲೆ ಡೆಸ್ಸೌ ಎಂಬ ಕೈಗಾರಿಕಾ ಪಟ್ಟಣಕ್ಕೆ ಗುಳೆ ಹೋಯಿತು. ಅಲ್ಲಿ ಹೆಸರಾಂತ ಕಟ್ಟಡವೂ ಎದ್ದಿತು. 1932ರಲ್ಲಿ ಅಲ್ಲಿಯ ನಗರಸಭೆ ಬಾಗಿಲು ಹಾಕಿಸಿತು. ಬರ್ಲಿನ್ನಿನಲ್ಲಿ ಸ್ವಲ್ಪಕಾಲ ಉಸಿರು ಹಿಡಿದು 1933ರಲ್ಲಿ ಶಾಲೆ ಮುಗಿಯಿತು. ಇದು ನಾಜಿಗಳ ಕಾಲ, ಅವರ ಮುಂದೆ ಯಾವ ಊರು ತಾನೇ ಏನು ಮಾಡೀತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಮೊದಲ ಗುಳೆ ನಾಜಿಗಳು ದೇಶದ ಅಧಿಕಾರ ಹಿಡಿಯುವುದಕ್ಕಿಂತ ಎಂಟು ವರ್ಷ ಮೊದಲೇ ನಡೆಯಿತು ಎಂಬುದನ್ನೂ ಗಮನಿಸಬೇಕು. ಜಗತ್ತಿಗೆ ಬೇಕಾದ ಶಾಲೆ ತನ್ನ ಬೀದಿಗೆ ಬೇಡವಾಗಿತ್ತು.

ಮತ್ತೆ ಹೆಗ್ಗೋಡಿಗೆ ಬರೋಣ. ಅಲ್ಲಿ ಎಲ್ಲವೂ ಸುಸೂತ್ರವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹವ್ಯಾಸಿಗಳ ಊರಿನಲ್ಲಿ ತರಬೇತಿಯ ಶಾಲೆ ತೆರೆದರೆ ಒಂದು ತೊಡಕು ಸಹಜವಾಗಿ ಏಳುತ್ತದೆ. ಹಗಲು ತೋಟದಲ್ಲಿ ದುಡಿದು ರಾತ್ರಿ ಬಣ್ಣ ಹಚ್ಚುತ್ತಿದ್ದವನ ಎದುರು, ಬೆಳಗಿನಿಂದ ಸಂಜೆಯವರೆಗೆ ನಾಟಕವನ್ನೇ ಕಲಿಯುವ ಹುಡುಗ ಬಂದು ನಿಲ್ಲುತ್ತಾನೆ. ಅವನ ದನಿ ಪಳಗಿರುತ್ತದೆ, ಮೈ ಪಳಗಿರುತ್ತದೆ. ಊರಿನವನು ತಾನಾಗಿ ಹಿಂದೆ ಸರಿದು ಪ್ರೇಕ್ಷಕನಾಗುತ್ತಾನೆ, ಕೊನೆಗೆ ಅದನ್ನೂ ಬಿಡುತ್ತಾನೆ. ಎಷ್ಟೋ ಕಡೆ ಹೀಗಾಗಿದೆ. ಹೆಗ್ಗೋಡಿನಲ್ಲಿ ಶಾಲೆ ಬಂದ ಮೇಲೂ ಊರಿನ ಹವ್ಯಾಸಿಗಳು ನಾಟಕ ಕಟ್ಟುವುದನ್ನು ಬಿಡಲಿಲ್ಲ. ಶಾಲೆಯ ನಿರ್ದೇಶಕರೇ ಊರಿನವರಿಗೂ ನಾಟಕ ಮಾಡಿಸಿದರು. ವಿದ್ಯಾರ್ಥಿಗಳ ನಾಟಕಕ್ಕೆ ಊರಿನವರೇ ಮೊದಲ ಪ್ರೇಕ್ಷಕರು, ಹಾಗಾಗಿ ಮೊದಲ ಪರೀಕ್ಷಕರೂ. ಬೀದರಿನಿಂದಲೋ ಕೋಲಾರದಿಂದಲೋ ಬಂದ ಹುಡುಗ ರಾಜನ ಪಾತ್ರ ಮಾಡಿ ಮರುದಿನ ಅಂಗಡಿಗೆ ಹೋದರೆ, ಅಲ್ಲಿ ಅವನಿಗೆ ಉಪಚಾರದ ಹೊಗಳಿಕೆ ಸಿಗುವುದಿಲ್ಲ. ಎರಡನೆಯ ದೃಶ್ಯದಲ್ಲಿ ಮಾತು ಹಿಂದಿನವರಿಗೆ ಕೇಳಲಿಲ್ಲ ಎಂಬ ವರದಿ ಸಿಗುತ್ತದೆ. ನಾನು ಹೋದ ದಿನ ಇಂಥ ಒಂದು ವರದಿಗೆ ಕಿವಿಯಾರೆ ಸಾಕ್ಷಿಯಾಗಿದ್ದೆ. ನಮ್ಮ ಕಾರ್ಯಕ್ರಮಗಳಿಗೆ ಲಕ್ಷಾಂತರ ವೀಕ್ಷಕರಿದ್ದಾರೆ ಎನ್ನುತ್ತಾರೆ, ಅವರಲ್ಲಿ ಒಬ್ಬರೂ ನನ್ನನ್ನು ಅಂಗಡಿಯಲ್ಲಿ ಹೀಗೆ ನಿಲ್ಲಿಸಿ ಕೇಳಿದ್ದಿಲ್ಲ.

ಶಾಲೆ ತನ್ನ ಊರಿನಲ್ಲಷ್ಟೆ ಉಳಿದಿದ್ದರೆ ಮಂಚಿಕೇರಿಗೂ ಅದಕ್ಕೂ ಸಂಬಂಧ ಹುಟ್ಟುತ್ತಿರಲಿಲ್ಲ. 1983ರಿಂದ 1985ರವರೆಗೆ ನೀನಾಸಂ 'ಜನಸ್ಪಂದನ' ಎಂಬ ಯೋಜನೆಯನ್ನು ನಡೆಸಿತು. ಹಣ ಬಂದದ್ದು ಅಮೆರಿಕದ ಫೋರ್ಡ್ ಪ್ರತಿಷ್ಠಾನದಿಂದ. ಆ ಬಗ್ಗೆ ಆಕ್ಷೇಪ ಇದ್ದವರೂ ಇದ್ದರು. ಕರ್ನಾಟಕದ ಬೇರೆ ಬೇರೆ ಊರುಗಳಲ್ಲಿ ನಾಟಕ ಶಿಬಿರ, ಸಿನಿಮಾ ಶಿಬಿರಗಳು ನಡೆದವು. ಅದರ ಅಂಗವಾಗಿ, ಶಾಲೆಯ ಚಿದಂಬರರಾವ್ ಜಂಬೆಯವರು ಮಂಚಿಕೇರಿ ಸೀಮೆಯ ಸಿದ್ದಿಗಳನ್ನು ಕಟ್ಟಿಕೊಂಡು ಒಂದು ನಾಟಕ ಮಾಡಿಸಿದರು. ನೈಜೀರಿಯದ ಚಿನುವಾ ಅಚಿಬೆ 1958ರಲ್ಲಿ ಪ್ರಕಟಿಸಿದ, ಬಿಳಿಯರ ಆಗಮನದಿಂದ ಒಂದು ಹಳ್ಳಿಯ ಬದುಕು ಕುಸಿಯುವ ಕತೆಯ ಕಾದಂಬರಿ ಅದಕ್ಕೆ ಆಧಾರ.

ಸಿದ್ದಿಗಳ ಬಗ್ಗೆ ಹೊರಗಿನ ಓದುಗರಿಗೆ ಎರಡು ಮಾತು. ಹೆಚ್ಚಾಗಿ ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ತಂದ ಆಫ್ರಿಕದವರ ವಂಶಸ್ಥರು ಇವರು. ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಡಮಾಮಿ ಎಂಬ ಚರ್ಮವಾದ್ಯ ಬಾರಿಸಿ ಕುಣಿಯುವುದು ಅವರ ಹೆಗ್ಗುರುತು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ನಾನು ಹೇಳುತ್ತಿರುವ ನಾಟಕ ಅದಕ್ಕಿಂತ ಸುಮಾರು ಎರಡು ದಶಕ ಹಿಂದಿನದು. ಆಗ ಅವರಲ್ಲಿ ಬಹುಮಂದಿಗೆ ಇದ್ದ ದಾರಿ ನಮ್ಮಂಥವರ ತೋಟದ ಕೂಲಿ, ಕಾಡಿನ ಕೆಲಸ. (ಒಂದು ಸಣ್ಣ ತಿದ್ದುಪಡಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ನಾಟಕದಿಂದ ಸಿದ್ದಿಗಳು ತಮ್ಮ ಪೂರ್ವಿಕರ ಕತೆಯನ್ನೇ ಆಡಿದರು ಎಂದು ಹೇಳುವುದುಂಟು. ಅಚಿಬೆಯ ಇಗ್ಬೊ ನಾಡು ಆಫ್ರಿಕದ ಪಶ್ಚಿಮಕ್ಕಿದೆ. ನಮ್ಮ ಸಿದ್ದಿಗಳ ಹಿರಿಯರು ಬಂದದ್ದು ಹೆಚ್ಚಾಗಿ ಪೂರ್ವದಿಂದ. ನಡುವೆ ಒಂದಿಡೀ ಖಂಡ. ಅವರಿಗೆ ಆ ಕತೆ ತಟ್ಟಿದ್ದರೆ ಅದು ರಕ್ತದಿಂದಲ್ಲ, ಬದುಕಿನಿಂದ.)

ಆ ಪ್ರದರ್ಶನವನ್ನು ನಾನು ನೋಡಿದ್ದೇನೆಂದು ಹೇಳಲಾರೆ. ನೋಡಿದ್ದರೂ ಅಮ್ಮನ ಮಡಿಲಲ್ಲಿ ನಿದ್ದೆ ಮಾಡಿದ್ದೆ. ಅಮ್ಮ ಹೇಳುವುದು ಹೀಗೆ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಒಬ್ಬಾತ ಆ ನಾಟಕದಲ್ಲಿದ್ದ. ಅವನು ಮೇಲೆ, ಬೆಳಕಿನಲ್ಲಿ. ನಮ್ಮ ಮನೆಯವರೆಲ್ಲ ಕೆಳಗೆ, ಕತ್ತಲಲ್ಲಿ, ಚಾಪೆಯ ಮೇಲೆ. ಅವನು ಮಾತಾಡುತ್ತಿದ್ದ, ನಾವು ಸುಮ್ಮನೆ ಕೇಳುತ್ತಿದ್ದೆವು. ಆವರೆಗೆ ಅದು ಯಾವತ್ತೂ ಹಾಗಿರಲಿಲ್ಲ. ಮರುದಿನ ಅವನು ಎಂದಿನಂತೆ ಕೆಲಸಕ್ಕೆ ಬಂದಾಗ ಅಜ್ಜ ಎಂದಿನಂತೆ 'ಬಾರೋ' ಎನ್ನಲು ಹೋಗಿ ತಡೆದರಂತೆ. ಏನೆಂದು ಕರೆಯಬೇಕೆಂದು ತಿಳಿಯದೆ, ಕರೆಯದೆಯೇ ಕತ್ತಿ ಕೈಗೆ ಕೊಟ್ಟರಂತೆ. 'ಎಷ್ಟು ದಿನ?' ಎಂದು ನಾನು ಕೇಳಿದೆ. ಅಮ್ಮ ಯೋಚಿಸಿ ಹೇಳಿದಳು: ಎರಡು ದಿನ. ಮೂರನೆಯ ದಿನ ಎಲ್ಲ ಮೊದಲಿನ ಹಾಗೆ.

ಈ 'ಎರಡು ದಿನ'ವನ್ನು ನಾನು ಬಹಳ ಸಲ ತೂಗಿ ನೋಡಿದ್ದೇನೆ. ಯೋಜನೆಗಳು ಬರುತ್ತವೆ, ಮುಗಿಯುತ್ತವೆ. ನಾಟಕ ಮುಗಿದ ಮೇಲೆ ಸಾಮಾನು ಗಾಡಿ ಏರುತ್ತದೆ. ಅತಿಥಿಯಾಗಿ ಬಂದ ಕಲೆಗೆ ಎರಡು ದಿನದ ಆಯುಷ್ಯ ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಗಾಡಿ ಮತ್ತೆ ಬಂತು. 1985ರಲ್ಲಿ ತಿರುಗಾಟ ಆರಂಭವಾಯಿತು. ಶಾಲೆಯಲ್ಲಿ ಕಲಿತವರನ್ನು ಮುಖ್ಯವಾಗಿ ಕಟ್ಟಿಕೊಂಡು, ಎರಡು ಮೂರು ನಾಟಕಗಳನ್ನು ಸಿದ್ಧಪಡಿಸಿ, ಮಳೆ ಹಿಂದಾದ ಮೇಲೆ ನಾಲ್ಕೈದು ತಿಂಗಳು ಕರ್ನಾಟಕದ ಊರೂರು ಸುತ್ತುವ ತಂಡ. ಇದರ ಹಿಂದಿನ ಯೋಚನೆ ಸರಳ. ಕಲಿತ ನಟನಿಗೆ ಕೆಲಸ ಬೇಕು. ಮಂಚಿಕೇರಿಯಂಥ ಊರಿಗೆ ನಾಟಕ ಬೇಕು. ಕೆ.ವಿ. ಅಕ್ಷರ ಅವರು ರೂಪಿಸಿದ ಈ ವ್ಯವಸ್ಥೆ ನನ್ನ ಭೌತಶಾಸ್ತ್ರದ ನಿಯಮಕ್ಕೆ ಹೊರಗು. ಪ್ರಸಾರ ಗೋಪುರದಿಂದ ದೂರ ಹೋದಷ್ಟೂ ನಮ್ಮ ಚಿತ್ರ ಮಸುಕಾಗುತ್ತಿತ್ತು. ತಿರುಗಾಟದ ನಟ ಹೆಗ್ಗೋಡಿನಲ್ಲಿ ಹಾಕುವ ದನಿಯನ್ನೇ ನೂರು ಕಿಲೋಮೀಟರ್ ದೂರದ ಮಂಚಿಕೇರಿಯಲ್ಲೂ ಹಾಕುತ್ತಾನೆ.

ನಾನು ಹೈಸ್ಕೂಲಿನಲ್ಲಿದ್ದಾಗ ತಿರುಗಾಟದ ನಾಟಕಗಳನ್ನು ನೋಡಿದೆ. ಸಂಜೆ ತಂಡದವರು ತಾವೇ ಪೆಟ್ಟಿಗೆ ಇಳಿಸುತ್ತಿದ್ದರು, ತಾವೇ ಮೊಳೆ ಹೊಡೆಯುತ್ತಿದ್ದರು. ಹಗಲು ಮೊಳೆ ಹೊಡೆದವಳು ರಾತ್ರಿ ರಾಣಿ. ನಮ್ಮ ಹುಡುಗರ ಕಣ್ಣಿಗೆ ಇದು ನಾಟಕಕ್ಕಿಂತ ದೊಡ್ಡ ಪಾಠ. ಪರದೆಯೊಳಗಿನ ರಾಮ ಹೇಗೆ ತಯಾರಾದ ಎಂಬುದು ನಮಗೆ ಕಾಣುವಂತಿರಲಿಲ್ಲ. ಇಲ್ಲಿ ಎಲ್ಲ ಕಣ್ಣೆದುರೇ. ಇದು ನಮಗೂ ಆದೀತು ಎಂಬ ಧೈರ್ಯ ಬಂದದ್ದು ಹಾಗೆ. ಊರಿನ ರಂಗಸಮೂಹದಂಥ ಬಳಗಗಳ ಕೆಲಸದ ಹಿಂದೆ ಈ ಧೈರ್ಯದ ಪಾಲೂ ಇದೆ ಎಂದು ನನ್ನ ಅಂದಾಜು.

ಸಿದ್ದಿಗಳ ಕಡೆಯಿಂದಲೂ ದಾರಿ ತೆರೆದೇ ಉಳಿಯಿತು. ನಮ್ಮ ಸೀಮೆಯ ಸಿದ್ದಿ ಯುವಕ ಯುವತಿಯರು ಹೆಗ್ಗೋಡಿಗೆ ಹೋಗಿ ಒಂದು ವರ್ಷ ಇದ್ದು ಕಲಿತು ಬಂದರು. ಗಿರಿಜಾ ಸಿದ್ದಿ ರಂಗಭೂಮಿಯಲ್ಲಿ ಹೆಸರು ಮಾಡಿದರು. 2011ರ 'ಪರಮಾತ್ಮ' ಚಿತ್ರದಲ್ಲಿ ನಟಿಸಿದ ಪ್ರಶಾಂತ ಸಿದ್ದಿಯನ್ನು ಕನ್ನಡ ಸಿನಿಮಾ ನೋಡುವವರೆಲ್ಲ ಬಲ್ಲರು. ಅವರೂ ಆ ಶಾಲೆಯವರೇ. ಇದರಿಂದ ಕಾಡಂಚಿನ ಕೂಲಿ ನಿಂತಿತೆಂದು ನಾನು ಹೇಳುತ್ತಿಲ್ಲ. ಸಿನಿಮಾದಲ್ಲಿ ಅವರಿಗೆ ಸಿಗುವ ಪಾತ್ರಗಳ ಬಗ್ಗೆ ನನಗೆ ತಕರಾರಿದೆ: ಮೈಬಣ್ಣವನ್ನೂ ಕೂದಲನ್ನೂ ನಗಿಸುವುದಕ್ಕೆ ಬಳಸಿಕೊಳ್ಳುವುದೇ ಹೆಚ್ಚು. ಆ ವಿಷಯದಲ್ಲಿ ನಮ್ಮ ಟೀವಿಯವರೂ ಸಾಚಾ ಅಲ್ಲ. ಆದರೆ ನನ್ನ ಅಜ್ಜನಿಗೆ ಎರಡು ದಿನ ನಾಲಿಗೆ ತಡವರಿಸಿತ್ತಲ್ಲ, ನನ್ನ ಪೀಳಿಗೆಯವರಿಗೆ 'ಬಾರೋ' ಎಂಬ ಮಾತು ಮೊದಲ ದಿನದಿಂದಲೇ ಬರಲಿಲ್ಲ. ಇದಕ್ಕೆ ನಾಟಕವೊಂದೇ ಕಾರಣವಲ್ಲ. ಶಾಲೆ, ಸಂಘಟನೆ, ಕಾನೂನು ಎಲ್ಲವೂ ಇವೆ. ನಾಟಕವೂ ಒಂದು ಎಂದಷ್ಟೆ ಸೇರಿಸುತ್ತೇನೆ.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಗ್ಗೋಡಿನ ಹೆಸರು ಲೋಕಕ್ಕೆ ತಿಳಿಯಿತು. ಅವರು 2005ರ ಜುಲೈಯಲ್ಲಿ ತೀರಿಕೊಂಡರು. ಶಾಲೆ ನಡೆಯುತ್ತಿದೆ, ತಿರುಗಾಟ ನಡೆಯುತ್ತಿದೆ, ಅಕ್ಟೋಬರಿನ ಹೊತ್ತಿಗೆ ಸಂಸ್ಕೃತಿ ಶಿಬಿರಕ್ಕೆ ಜನ ಸೇರುತ್ತಾರೆ. ಆದರೂ ನಾನು ಹೋದ ಸಂಜೆ ರಂಗಮಂದಿರದ ಹೊರಗೆ ನಿಂತಿದ್ದ ಕಾರುಗಳನ್ನು ನೋಡಿ ಒಂದು ಕ್ಷಣ ಅಳುಕಿದೆ. ಒಳಗೆ ಕುಳಿತವರಲ್ಲಿ ದೂರದಿಂದ ಬಂದವರು ಎಷ್ಟು, ಬ್ಯಾಟರಿ ಹಿಡಿದು ನಡೆದು ಬಂದವರು ಎಷ್ಟು? ಅಡಿಕೆ ಸೀಮೆಯ ಹುಡುಗ ಹುಡುಗಿಯರು ಬೆಂಗಳೂರಿಗೆ ಹೋಗಿದ್ದಾರೆ. ಮಂಚಿಕೇರಿಯಲ್ಲೂ ಅಷ್ಟೇ, ನಾನೇ ಅದಕ್ಕೆ ಸಾಕ್ಷಿ. ಎಷ್ಟೋ ಮನೆಗಳಲ್ಲಿ ವಯಸ್ಸಾದ ಇಬ್ಬರು ಮಾತ್ರ, ರಾತ್ರಿ ಬಾಗಿಲು ಹಾಕಿ ನಾಟಕಕ್ಕೆ ಬರಲು ಅವರಿಗೆ ಧೈರ್ಯವಿಲ್ಲ. ಪ್ರೇಕ್ಷಕರಿಂದ ಹುಟ್ಟಿದ ಶಾಲೆಗೆ ಪ್ರೇಕ್ಷಕರು ತೆಳುವಾಗುವುದು ಅನುದಾನ ಕತ್ತರಿಸುವುದಕ್ಕಿಂತ ದೊಡ್ಡ ಪೆಟ್ಟು. ಬೌಹೌಸನ್ನು ಇನ್ನೊಂದು ಊರಿಗೆ ಸಾಗಿಸಲು ಸಾಧ್ಯವಿತ್ತು. ಹೆಗ್ಗೋಡನ್ನು ಹೇಗೆ ಸಾಗಿಸುತ್ತೀರಿ?

ಅಂದು ಪಕ್ಕದಲ್ಲಿ ಕುಳಿತಿದ್ದ ಒಬ್ಬ ಹೆಂಗಸು ಮೊಮ್ಮಗಳನ್ನು ಕರೆತಂದಿದ್ದರು. ಮಗು ಮೊದಲ ದೃಶ್ಯದಲ್ಲೇ ಮೊಬೈಲಿಗೆ ಕೈಹಾಕಿತು. ಅಜ್ಜಿ ಗದರಲಿಲ್ಲ, ಫೋನನ್ನು ತೆಗೆದು ಚೀಲಕ್ಕೆ ಹಾಕಿ, ಮಗುವಿನ ಗಲ್ಲ ಹಿಡಿದು ಮುಖವನ್ನು ರಂಗದ ಕಡೆಗೆ ತಿರುಗಿಸಿದರು. ನಾನು ಬಿದಿರನ್ನು ತಿರುಗಿಸುತ್ತಿದ್ದ ಹಾಗೆಯೇ. ಸ್ವಲ್ಪ ಹೊತ್ತಿನ ಮೇಲೆ ನೋಡಿದೆ, ಮಗು ನೋಡುತ್ತಿತ್ತು.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಮಂಚಿಕೇರಿಯ ಸಿದ್ದಿಗಳ ಆ ನಾಟಕದ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಬೇಕೆಂಬ ಯೋಚನೆ ಇದೆ. ಅದರಲ್ಲಿ ಪಾತ್ರ ವಹಿಸಿದವರು, ತಾಲೀಮಿಗೆ ಅಕ್ಕಿ ತೆಂಗಿನಕಾಯಿ ಕೊಟ್ಟವರು, ಚಾಪೆಯ ಮೇಲೆ ಕುಳಿತು ನೋಡಿದವರು ಯಾರಾದರೂ ಈ ಪುಟವನ್ನು ಓದುತ್ತಿದ್ದರೆ ದಯವಿಟ್ಟು ಕೇಂದ್ರದ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಹಳೆಯ ಕರಪತ್ರವಿದ್ದರೆ, ಮಸುಕಾದ ಫೋಟೋ ಇದ್ದರೆ ತಿಳಿಸಿ. ನಾವೇ ಬಂದು ಪ್ರತಿ ತೆಗೆದುಕೊಂಡು ಮೂಲವನ್ನು ನಿಮ್ಮಲ್ಲೇ ಬಿಟ್ಟು ಬರುತ್ತೇವೆ. ಚಿತ್ರೀಕರಣಕ್ಕೆ ಬಂದಾಗ ಯಾವ ನಾಟಕವನ್ನೂ ಅರ್ಧಕ್ಕೆ ನಿಲ್ಲಿಸುವುದಿಲ್ಲ ಎಂದು ಮಾತು ಕೊಡುತ್ತೇನೆ. ದೀಪಗಳನ್ನೂ ಗಾಡಿಯಲ್ಲೇ ಬಿಡುತ್ತೇವೆ. ಈಗಿನ ಕ್ಯಾಮೆರಾಗಳಿಗೆ ರಂಗದ ಬೆಳಕೇ ಸಾಕು.